ಮುಟ್ಟದ ಮಜ್ಜಿಗೆ

ಕಡಲಿನ ವಾಸನೆ ಹೇಗಿರಬಹುದೆಂದು ಪದ್ಮಶ್ರೀ ದಾರಿಯುದ್ದಕ್ಕೂ ಊಹಿಸಿಕೊಂಡು ಬಂದಿದ್ದಳು. ಆದರೆ ಕೊಚ್ಚಿಯ ಮಟ್ಟಾಂಚೇರಿ ಬೀದಿಗೆ ಕಾಲಿಟ್ಟಾಗ ಮೂಗಿಗೆ ಬಡಿದದ್ದು ಉಪ್ಪುಗಾಳಿಯಲ್ಲ, ಒಣಶುಂಠಿಯ ಘಾಟು.

ಆ ಘಾಟಿಗೆ ಅವಳ ಹೆಜ್ಜೆ ನಿಂತುಬಿಟ್ಟಿತು. ಆ ವಾಸನೆಯ ಅಂಗಳವೊಂದರಲ್ಲಿ ಅವಳು ಹಿಂದೆ ಒಂದೇ ಒಂದು ಮಧ್ಯಾಹ್ನ ಕೂತಿದ್ದಳು.

ಕೆ.ಆರ್. ನಗರದ ಕಾಲೇಜೊಂದರಲ್ಲಿ ಅವಳು ಇತಿಹಾಸದ ಅತಿಥಿ ಉಪನ್ಯಾಸಕಿ. ಹುಟ್ಟೂರು ಮಿರ್ಲೆ. ಅರಬರು, ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದವಳು ಕಡಲನ್ನು ಮಾತ್ರ ನೋಡಿರಲಿಲ್ಲ. ಈ ಸಲ ಕೊನೆಯ ವರ್ಷದ ಹುಡುಗಿಯರು ಹಟ ಹಿಡಿದು ಟೂರು ಹೊರಡಿಸಿದ್ದರು. ಹೊರಟಾಗಿನಿಂದ ಅವಳ ಕಣ್ಣಿಗೆ ಬಿಡುವಿರಲಿಲ್ಲ. ಬಸ್ಸು ನಿಂತಲ್ಲೆಲ್ಲ ತಲೆ ಎಣಿಸುವುದು, ಎಣಿಸಿದ್ದು ತಪ್ಪಾಯಿತೇನೋ ಎಂದು ಮತ್ತೆ ಎಣಿಸುವುದು.

"ಮ್ಯಾಮ್!" ಅನು ಒಂದು ಗೋಡೌನಿನ ಬಾಗಿಲಿಂದ ಓಡಿ ಬಂದಳು. ತರಗತಿಯಲ್ಲಿ ಬಾಯಿ ಮುಚ್ಚದ ಹುಡುಗಿ ಇವಳೇ. "ಒಳಗೆ ನಮ್ ಕಡೆಯೋರು ಒಬ್ರು ಅವ್ರೆ! ಫೋನಲ್ಲಿ 'ಬುಡ್ಲಾ, ಬತ್ತೀನಿ ಕಣ್ಲಾ' ಅಂತಿದ್ರು. ಎರಡು ದಿನದಿಂದ ಮಲಯಾಳ ಕೇಳಿ ಕೇಳಿ ಕಿವಿ ಒಣಗಿತ್ತು, ಜೀವ ಬಂತು."

"ಒಳಗೆ ಹೋಗೋಕೆ ಯಾರನ್ನಾದ್ರೂ ಕೇಳಿದ್ಯಾ ಅನು?"

"ಶುಂಠಿ ಏನ್ ಕಚ್ಚುತ್ತಾ ಮ್ಯಾಮ್? ಬನ್ನಿ."

ಒಳಗೆ ಮಂದ ಬೆಳಕು. ಸೂರಿನ ಕಿಂಡಿಯಿಂದ ಇಳಿದ ಬಿಸಿಲಕೋಲಿನಲ್ಲಿ ಶುಂಠಿಯ ಧೂಳು ತೇಲುತ್ತಿತ್ತು. ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಕೊಂಬು ಆರಿಸುತ್ತಿದ್ದರು. ಮೂಟೆಗಳ ಪಕ್ಕದಲ್ಲಿ ಬಾಗಿ ನಿಂತಿದ್ದವನು ತಲೆಯೆತ್ತಿದ. ಬಿಳಿ ಅಂಗಿ, ಬಲಗೈಗೆ ಸುತ್ತಿಕೊಂಡ ಟವೆಲ್ಲು.

ಅವನು ಮೊದಲು ನೋಡಿದ್ದು ಅನುವನ್ನು. ಆಮೇಲೆ ಅವಳ ಹಿಂದೆ ಬಾಗಿಲ ಬೆಳಕಿಗೆ ಅಡ್ಡವಾಗಿ ನಿಂತಿದ್ದವಳನ್ನು. ಅವನ ಮುಖದ ನಗು ಹೋಗಲಿಲ್ಲ, ಆದರೆ ಇದ್ದಲ್ಲೇ ಗಟ್ಟಿಯಾಯಿತು.

"ಮಿರ್ಲೆಯೋರಲ್ವಾ?" ಎಂದ.

"ಹೌದು," ಎಂದಳು ಪದ್ಮಶ್ರೀ. "ನೀವು ಅಂತರಸಂತೆ. ಶಿವಶಂಕರ್."

ಹೆಸರು ಹೇಳಬಾರದಿತ್ತೇನೋ ಎಂದು ಹೇಳಿದ ಮೇಲೆ ಅನ್ನಿಸಿತು. ಮರೆತಿಲ್ಲ ಎಂಬುದು ಅಷ್ಟರಲ್ಲೇ ತಿಳಿದುಹೋಯಿತಲ್ಲ.

ಅನುವಿನ ಕಣ್ಣು ಇವರಿಬ್ಬರ ನಡುವೆ ಆಚೀಚೆ ಓಡಾಡಿ ಟವೆಲ್ಲಿನ ಮೇಲೆ ನಿಂತಿತು. "ಅಣ್ಣ, ಟವೆಲ್ ಒಳಗೆ ಯಾರ ಕೈ ಹಿಡ್ಕಂಡಿದೀರಿ? ದನದ ಸಂತೇಲಿ ನಮ್ಮಪ್ಪ ಹಿಂಗೇ ಟವೆಲ್ ಮುಚ್ಕಂಡು ಬೆರಳು ಹಿಡಿದು ರೇಟು ಮಾತಾಡೋದು."

"ಹಿಡಿಯೋರು ಯಾರೂ ಇಲ್ಲ ಕಣವ್ವ," ಎಂದ ಅವನು. "ಅದಕ್ಕೇ ಸುಮ್ನೆ ನನ್ನ ಕೈಗೆ ನಾನೇ ಸುತ್ಕಂಡಿದೀನಿ."

ಬಾಗಿಲಲ್ಲಿ ಗುಂಪುಗೂಡಿದ್ದ ಹುಡುಗಿಯರು ಘೊಳ್ಳೆಂದು ನಕ್ಕರು. ಪದ್ಮಶ್ರೀ ನಗಲಿಲ್ಲ. ಅವನೂ ನಗಲಿಲ್ಲ ಎಂಬುದನ್ನು ಅವಳೊಬ್ಬಳೇ ನೋಡಿದಳು.

*

ಮೂರು ವರ್ಷದ ಹಿಂದಿನ ಮಾತು. ಅಂತರಸಂತೆಯ ಸಂಬಂಧ ಬಂದಾಗ ಅವಳ ಸೋದರಮಾವ ಸಿದ್ದಯ್ಯ ಮನೆ ನೋಡುವ ಶಾಸ್ತ್ರಕ್ಕೆ ಹೊರಟರು. ಆ ಶಾಸ್ತ್ರಕ್ಕೆ ಹೆಣ್ಣನ್ನು ಕರೆದೊಯ್ಯುವ ರೂಢಿಯಿಲ್ಲ. ಆದರೆ ಹುಡುಗನ ತಾಯಿಗೆ ಮೈಯಲ್ಲಿ ಹುಷಾರಿರಲಿಲ್ಲ, ಮಿರ್ಲೆಯವರೆಗೆ ಬರುವ ಶಕ್ತಿಯಿರಲಿಲ್ಲ. "ಮಗೀನೂ ಕರ್ಕಂಡ್ ಬನ್ನಿ, ಒಂದ್ಸಲ ಕಣ್ತುಂಬ ನೋಡ್ತೀನಿ" ಎಂದು ಹೇಳಿ ಕಳಿಸಿದ್ದರು.

ಕಾರು ಹತ್ತುವಾಗ ಮಾವ ಎಚ್ಚರಿಸಿದ್ದರು. "ನೋಡವ್ವ, ಹೆಣ್ಣಿನ ಕಡೆಯೋರು ಒಪ್ಪಿಗೆ ಆಗೋಗಂಟ ಗಂಡಿನ ಮನೇಲಿ ನೀರೂ ಮುಟ್ಟಬಾರ್ದು. ಮುಟ್ಟಿದ್ರೆ ಒಪ್ಕಂಡಂಗೆ. ನಾನು ಕುಡಿದ ಮೇಲೆ ನೀನು ಕುಡಿ."

ರಸ್ತೆ ಪಕ್ಕದ ಮನೆ. ಅಂಗಳದ ತುಂಬ ಒಣಹಾಕಿದ ಶುಂಠಿ. ಎದುರಿಗೆ ಕೂತಿದ್ದವನು ತನ್ನನ್ನು ನೋಡದೆ ಬಾಗಿಲ ಹೊರಗೆ ನೋಡುತ್ತಿದ್ದಾನೆ ಎಂದುಕೊಂಡಿದ್ದಳು. ಆಮೇಲೆ ತಿಳಿಯಿತು, ತೆರೆದ ಬಾಗಿಲಿನ ಗಾಜಿನಲ್ಲಿ ಅವಳದೇ ನೆರಳು ಬಿದ್ದಿತ್ತು. ಅವನು ನೋಡುತ್ತಿದ್ದುದು ಅದನ್ನೇ. ಅವಳೂ ಗಾಜಿನಲ್ಲೇ ನೋಡಿದಳು. ಅವನು ಸಿಕ್ಕಿಬಿದ್ದು ತಲೆ ತಗ್ಗಿಸಿದ. ಅಷ್ಟೇ. ಅದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ. ಅವಳಿಗೆ ಅಷ್ಟು ಸಾಕಾಗಿತ್ತು.

ತಾಯಿ ಮಜ್ಜಿಗೆ ತಂದರು. ಆ ಕೈಗಳ ತುಂಬ ತೊನ್ನಿನ ಬಿಳುಪು. ಪದ್ಮಶ್ರೀ ಲೋಟ ತೆಗೆದುಕೊಂಡು ಪಕ್ಕಕ್ಕಿಟ್ಟುಕೊಂಡಳು. ಮಾವ ಮುಟ್ಟಲಿಲ್ಲ, ಅವಳೂ ಮುಟ್ಟಲಿಲ್ಲ. ಹೊರಡುವಾಗ ಲೋಟ ತುಂಬಿದ್ದು ಹಾಗೇ ಇತ್ತು.

ಕಾರಿನಲ್ಲಿ ಮಾವ ಕೇಳಿದಾಗ "ಒಪ್ಪಿಗೆ" ಎಂದಿದ್ದಳು. "ಸರಿ ಬುಡು, ಗಂಡಿನ ಕಡೆಯೋರು ಹೇಳಿ ಕಳುಸ್ಲಿ. ನಾವೇ ಮೇಲೆ ಬಿದ್ದು ಹೋಗೋದ್ ಬ್ಯಾಡ" ಎಂದಿದ್ದರು ಮಾವ.

ಹೇಳಿಕೆ ಬರಲಿಲ್ಲ. ಒಂದು ತಿಂಗಳು, ಒಂದು ಮಳೆಗಾಲ. ತನ್ನಲ್ಲೇನು ಕಂಡು ಬೇಡವೆಂದರೋ ಎಂದು ಅವಳು ಕನ್ನಡಿಯ ಮುಂದೆ ನಿಂತು ಹುಡುಕಿದಳು. ಅದಾದ ಮೇಲೆ ಬಂದ ಸಂಬಂಧಗಳಿಗೆಲ್ಲ ಏನಾದರೊಂದು ನೆಪ ಹೇಳಿದಳು. ಮೊನ್ನೆ ಬರುವಾಗ ಬಸ್ಸು ಅಂತರಸಂತೆಯ ಮೇಲೇ ಬಂದಿತ್ತು. ಎಣಿಸುತ್ತಿದ್ದ ತಲೆಗಳ ಲೆಕ್ಕ ಅವಳಿಗೆ ತಪ್ಪಿದ್ದು ಅಲ್ಲಿ ಮಾತ್ರ.

*

ತಂದ ಶುಂಠಿಯ ದುಡ್ಡಿಗೆ ಗೋಡೌನಿನ ಸಾಹುಕಾರ ಸಂಜೆಗೆ ಬಾ ಎಂದಿದ್ದರಿಂದ ಶಿವಶಂಕರನಿಗೆ ಬಿಡುವಿತ್ತು. "ನಂಗೆ ಈ ಊರು ಪಳಗಿದೆ, ತೋರುಸ್ತೀನಿ ಬನ್ನಿ" ಎಂದು ಹುಡುಗಿಯರಿಗೆ ಹೇಳಿದ. ಅವಳಿಗೆ ನೇರವಾಗಿ ಹೇಳಲಿಲ್ಲ.

ಫೋರ್ಟ್ ಕೊಚ್ಚಿಯ ಮಳೆಮರಗಳ ನೆರಳಿನಲ್ಲಿ ಹುಡುಗಿಯರು ಮುಂದೆ, ಇವರಿಬ್ಬರು ಹಿಂದೆ. ನಡುವೆ ಇನ್ನೊಬ್ಬರು ನಡೆಯಬಹುದಾದಷ್ಟು ಜಾಗ ಬಿಟ್ಟುಕೊಂಡೇ ನಡೆದರು. ಡಚ್ಚರ ಸಮಾಧಿಗಳಿದ್ದ ತೋಟದ ಗೇಟಿಗೆ ಬೀಗ ಹಾಕಿತ್ತು. ಪಾಚಿಗಟ್ಟಿದ ಗೋಡೆಯ ಮೇಲಿಂದ ಕಪ್ಪು ಕಲ್ಲುಗಳು ಕಂಡವು.

"ಮೆಣಸಿಗೆ, ಶುಂಠಿಗೆ ಅಂತ ಬಂದೋರು," ಎಂದಳು ಪದ್ಮಶ್ರೀ. ಮೌನಕ್ಕಿಂತ ಪಾಠ ಸುಲಭವಾಗಿತ್ತು. "ವಾಪಸ್ ಹೋಗೋಕಾಗದೆ ಇಲ್ಲೇ ಉಳಿದ್ರು. ಒಂದು ಕಾಗದ ಊರು ಮುಟ್ಟೋಕೆ ಒಂದೊಂದ್ಸಲ ವರ್ಷ ಹಿಡಿಯೋದು."

ಅವನು ಗೋಡೆಯಾಚೆ ನೋಡಿದ. "ಅವರ ಮನೇಲಿ ಯಾರೋ ಹೆಂಗಸ್ರು ಸುದ್ದಿ ಬತ್ತದೆ, ಬತ್ತದೆ ಅಂತ ಬಾಗ್ಲು ನೋಡ್ತಾ ಕೂತಿರ್ತಾರೆ."

"ಹೆಂಗಸರೇ ಯಾಕೆ? ಗಂಡಸರು ಕಾಯಲ್ವಾ?"

ಅವನು ಥಟ್ಟನೆ ಅವಳತ್ತ ತಿರುಗಿದ. ಅವಳು ಸೆರಗಿನ ಅಂಚು ಸರಿಮಾಡಿಕೊಂಡಳು, ಅದು ಸರಿಯಾಗಿಯೇ ಇದ್ದರೂ.

"ಕಾಯ್ತಾರೆ ಕಣ್ರೀ," ಎಂದ ಮೆಲ್ಲಗೆ. "ಹೇಳ್ಕಳಲ್ಲ."

ದಡದಲ್ಲಿ ಚೀನಾ ಬಲೆಗಳು ಸಾಲಾಗಿ ನಿಂತಿದ್ದವು. ದೊಡ್ಡ ಗಳಗಳ ತುದಿಗೆ ಕಟ್ಟಿದ ಬಲೆ ನೀರಿಗೆ ಇಳಿಯುವುದು, ಹಗ್ಗಕ್ಕೆ ತೂಗುಬಿಟ್ಟ ಕಲ್ಲುಗಳನ್ನು ಎಳೆದಾಗ ಮತ್ತೆ ಮೇಲೇಳುವುದು. ಆಚೆ ಒಂದು ಹಡಗು ಸದ್ದಿಲ್ಲದೆ ಬಂದರಿನ ಬಾಯಿ ದಾಟುತ್ತಿತ್ತು. ಊರೊಂದು ಎದ್ದು ನಡೆದುಹೋದ ಹಾಗೆ.

ಇದೇ ಕಡಲು. ಕೊನೆಗೂ ನೋಡುತ್ತಿದ್ದಾಳೆ. ಆದರೆ ಅವಳ ಕಣ್ಣು ಪಕ್ಕದವನ ಟವೆಲ್ಲಿನಿಂದ ಆಚೆ ಹೋಗಲೊಲ್ಲದು.

"ತಮಾಷೆ ನೋಡಿ," ಎಂದ ಅವನು. "ನಮ್ಮೂರ ನೀರೆಲ್ಲ ಕಬಿನಿಗೆ ಸೇರಿ ಪೂರ್ವಕ್ಕೆ ಹೋಯ್ತದೆ. ಆ ನೀರು ಕುಡಿದು ಬೆಳೆದ ಶುಂಠಿ ಪಶ್ಚಿಮಕ್ಕೆ ಬತ್ತದೆ. ಒಂದೇ ಮನೇಲಿ ಹುಟ್ಟಿ ಒಂದೊಂದು ದಿಕ್ಕಿಗೆ."

"ಅಮ್ಮ ಹೇಗಿದ್ದಾರೆ?" ಎಂದು ಕೇಳಿದಳು.

ಅವನು ಬಲೆಯನ್ನೇ ನೋಡುತ್ತಿದ್ದ. ಅದು ಮೇಲೆದ್ದಿತು. ಅದರಲ್ಲಿ ನಾಲ್ಕಾರು ಚಿಕ್ಕ ಮೀನು ಮಿನುಗಿದವು.

"ಅವ್ವ ಹೋದ್ರು. ಯುಗಾದಿಗೆ ಮುಂಚೆ."

"ಅಯ್ಯೋ."

"ನಿಮಗೆ ಹೇಳಬಾರ್ದು ಅಂದ್ಕಂಡಿದ್ದೆ. ಎದುರಿಗೆ ಸಿಕ್ಕುದ್ರಲ್ಲ, ತಡೀಲಾರೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಅವತ್ತು ನೀವು ಹೋದ್ರಲ್ಲ, ಅವ್ವ ಆ ಲೋಟ ತಕಂಡು ಹಿತ್ಲಿಗೋಗಿ ಮಜ್ಜಿಗೇನ ದಾಸವಾಳದ ಬುಡಕ್ಕೆ ಸುರುದ್ರು. ಏನೂ ಅನ್ನಿಲ್ಲ. ಆಮೇಲೆ ಬಂದೋರಿಗೆ ಯಾರಿಗೂ ಕೈಯಾರೆ ಏನೂ ಕೊಡ್ನಿಲ್ಲ. ನೆಂಟ್ರು ಬಂದ್ರೆ ಪಕ್ಕದ್ಮನೆ ರಾಣಕ್ಕನ್ನ ಕರ್ದು ಅವಳ ಕೈಲಿ ಕೊಡುಸೋರು. 'ನನ್ನ ಕೈ ನೋಡಿ ಆ ಮಗು ಮುಟ್ನಿಲ್ಲ ಕಣಪ್ಪ, ನಿನ್ನ ಮನೆ ತುಂಬೋದ ನಾನೇ ತಪ್ಪುಸ್ಬುಟ್ಟೆ' ಅಂತ ಒಂದೇ ಒಂದ್ಸಲ ಅಂದ್ರು. ಕೊನೆಗಾಲದಲ್ಲಿ."

ಪದ್ಮಶ್ರೀ ದಡದ ಕಲ್ಲುಕಟ್ಟೆಯ ಮೇಲೆ ಕುಳಿತಳು.

ಒಂದು ಲೋಟ. ಪಕ್ಕಕ್ಕೆ ಸರಿಸಿಟ್ಟ ಒಂದು ಲೋಟ. ಮೂರು ವರ್ಷ ತನ್ನ ಮುಖದಲ್ಲಿ ಕುಂದು ಹುಡುಕುತ್ತಿದ್ದವಳು ಅವಳು. ಅತ್ತ ಒಬ್ಬ ತಾಯಿ ತನ್ನ ಕೈಗಳನ್ನೇ ಶಪಿಸಿಕೊಂಡು ಸತ್ತಿದ್ದಳು.

"ಮ್ಯಾಮ್, ಸಂಭಾರಂ!" ಅನುವಿನ ಕೂಗು. ದಡದ ತಳ್ಳುಗಾಡಿಯಲ್ಲಿ ಶುಂಠಿ, ಹಸಿಮೆಣಸಿನಕಾಯಿ ಜಜ್ಜಿ ಹಾಕಿದ ನೀರುಮಜ್ಜಿಗೆ. ಹುಡುಗಿಯರು ಗಟಗಟ ಕುಡಿಯುತ್ತಿದ್ದರು. ಶಿವಶಂಕರ ಹೋಗಿ ಒಂದು ಲೋಟ ತಂದು ಅವಳ ಮುಂದೆ ಹಿಡಿದ.

ಎಡಗೈಯಲ್ಲಿ.

ಅವಳು ಲೋಟ ನೋಡಿದಳು, ಕೈ ನೋಡಿದಳು. ಅವರ ಕಡೆ ಭಿಕ್ಷುಕನಿಗೂ ಯಾರೂ ಎಡಗೈಯಲ್ಲಿ ಕೊಡುವುದಿಲ್ಲ. ಮೂಟೆ ಮುಟ್ಟುವಾಗ, ದಾರಿಯಲ್ಲಿ ನಡೆಯುವಾಗ, ಬೆಳಗಿನಿಂದಲೂ ಆ ಟವೆಲ್ಲು ಸಡಿಲಾಗಿರಲಿಲ್ಲ. ಗಮನಿಸುವುದೇ ಅವಳ ರೋಗ. ಈಗ ಎಲ್ಲವೂ ಒಟ್ಟಿಗೆ ಅರ್ಥವಾಯಿತು.

"ಎಡಗೈಲಿ ಕೊಟ್ರೆ ನಾನು ತಗೊಳಲ್ಲ," ಎಂದಳು.

ಅವನ ಮುಖ ಬಿಳಿಚಿತು. ಆಮೇಲೆ ಲೋಟವನ್ನು ಕಟ್ಟೆಯ ಮೇಲಿಟ್ಟು, ಹಲ್ಲಿನಿಂದ ಟವೆಲ್ಲಿನ ಗಂಟು ಸಡಿಲಿಸಿದ. ಬಲಗೈ ಹೊರಬಂತು. ಬೆರಳ ತುದಿಗಳಲ್ಲಿ, ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಮೇಲೆ ಹಾಲಿನ ಬಿಳುಪು. ಸಂಜೆಯ ಬೆಳಕಿನಲ್ಲಿ ಅದು ತಾಯಿಯದೇ ಕೈಯಂತೆ ಕಂಡಿತು.

"ಅವ್ವ ಹೋದ ಮೇಲೆ ಶುರುವಾಯ್ತು. ಮೈಗೆಲ್ಲ ಬರಬೌದು, ಇಷ್ಟಕ್ಕೇ ನಿಲ್ಲಬೌದು, ಡಾಕ್ಟ್ರು ಏನೂ ಹೇಳಕಾಗಲ್ಲ ಅಂದ್ರು." ಅವನು ಲೋಟವನ್ನು ಆ ಕೈಯಲ್ಲೇ ಎತ್ತಿ ಹಿಡಿದ. "ಈಗ ಹೇಳಿ."

"ಇಲ್ಲಿ ಬೇಡ," ಎಂದಳು ಪದ್ಮಶ್ರೀ.

ಅವನು ತಲೆಯಾಡಿಸಿದ, ಈ ಮಾತು ಬರುತ್ತದೆಂದು ಮೊದಲೇ ಗೊತ್ತಿದ್ದವನಂತೆ. ಮಜ್ಜಿಗೆಯನ್ನು ಮೆಲ್ಲಗೆ ಕೆಳಗಿಟ್ಟ. "ಬುಡಿ. ತಪ್ಪಿಲ್ಲ."

"ಪೂರ್ತಿ ಕೇಳಿ!" ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಆಡುವ ಮೊದಲು ಮಾತನ್ನು ತೂಗಿ ನೋಡುವವಳು, ಈಗ ತೂಗಲು ಹೊತ್ತಿರಲಿಲ್ಲ. "ಅಮ್ಮನ ಕೈ ನಾನು ನೋಡಿದ್ದೆ. ನೋಡ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಮುಟ್ಟದೆ ಇದ್ದಿದ್ದು ಅದಕ್ಕಲ್ಲ. ಒಪ್ಪಿಗೆ ಆಗೋಗಂಟ ಮುಟ್ಟಬಾರ್ದು ಅಂತ ಮಾವ ಹೇಳಿದ್ರು. ಅವರು ಲೋಟ ಎತ್ತಲಿ, ನಾನೂ ಎತ್ತೀನಿ ಅಂತ ಕಾಯ್ತಾ ಕೂತಿದ್ದೆ. ಕಾರಲ್ಲಿ ಒಪ್ಪಿಗೆ ಅಂದೆ. ನೀವು ಹೇಳಿ ಕಳುಸ್ತೀರಿ ಅಂತ ಕಾದೆ."

"ನಾವು ಹೇಳಿ ಕಳುಸೋದಾ?" ಅವನು ಒಂದು ಹೆಜ್ಜೆ ಹತ್ತಿರ ಬಂದ. "ಲೋಟಾನೇ ಮುಟ್ನಿಲ್ವಲ್ಲ. ಬೇಡ ಅಂತ ಹೇಳಾಯ್ತಲ್ಲ, ಇನ್ನು ಯಾವ ಮುಖ ಹೊತ್ಕಂಡು ಕೇಳಾನ ಅಂತ..."

ಬಲೆ ಮತ್ತೆ ನೀರಿಗಿಳಿಯಿತು. ಎರಡು ಮನೆಯವರು ಎರಡು ಬಾಗಿಲಲ್ಲಿ ಕೂತು ಒಬ್ಬರ ಸುದ್ದಿಗೆ ಇನ್ನೊಬ್ಬರು ಕಾದ ಮೂರು ವರ್ಷ, ಆ ನೀರಿನಲ್ಲಿ ಕರಗುತ್ತಿದ್ದ ಬೆಳಕಿನಂತೆ ಕಣ್ಣೆದುರೇ ಇತ್ತು. ಹಿಡಿಯಲು ಬರುವಂತಿರಲಿಲ್ಲ.

"ಕನಿಕರಕ್ಕೆ ಹೇಳ್ತಿದ್ರೆ ಬೇಡ ಕಣ್ರೀ," ಎಂದ ಅವನು ಕೊನೆಗೆ. "ಸತ್ತೋರ ಮೇಲಿನ ಕನಿಕರಕ್ಕೆ ಬದುಕಿರೋರು ಸಂಸಾರ ಮಾಡಕಾಗಲ್ಲ."

"ಅದಕ್ಕೇ ಇಲ್ಲಿ ಬೇಡ ಅಂದಿದ್ದು. ಇದು ದಾರಿ. ದಾರೀಲಿ ಕುಡಿದ್ರೆ ಬಾಯಾರಿಕೆಗೆ ಕುಡಿದಂಗೆ. ಕನಿಕರಕ್ಕೂ ಕುಡಿಬೋದು." ಅವಳು ಎದ್ದು ನಿಂತಳು. "ನಾಳಿದ್ದು ಬೆಳಿಗ್ಗೆ ನಮ್ಮ ಬಸ್ಸು ಅಂತರಸಂತೆ ಮೇಲೇ ಹೋಗ್ತದೆ. ನಾನು ನಿಮ್ಮನೆ ಬಾಗಿಲಿಗೆ ಬತ್ತೀನಿ. ಕೊಡೋ ಮನಸ್ಸಿದ್ರೆ ಬಾಗಿಲು ತೆಗೆದಿಡಿ. ಇಲ್ದಿದ್ರೆ ಮುಚ್ಚಿರಿ. ಹೇಳಿ ಕಳುಸೋದು ಗಿಳುಸೋದು ಇನ್ನು ಬೇಡ."

ಅವನು ಟವೆಲ್ಲನ್ನು ಕೈಗೆ ಮತ್ತೆ ಸುತ್ತಿಕೊಳ್ಳುತ್ತ, ಜನರ ನಡುವೆ ಗೋಡೌನಿನ ದಾರಿ ಹಿಡಿದ. ಮುಗಿದ ಮೇಲೂ ಸುತ್ತುತ್ತಲೇ ಇದ್ದುದನ್ನು ಅವಳು ನೋಡಿದಳು.

"ಮ್ಯಾಮ್," ಅನು ಬಂದು ಪಕ್ಕದಲ್ಲಿ ನಿಂತಳು. ಈ ಸಲ ತಮಾಷೆಯಿರಲಿಲ್ಲ. "ಅತ್ರಾ?"

"ಉಪ್ಪುಗಾಳಿ ಕಣೇ."

*

ಮರುದಿನ ಅರಮನೆ, ಹಳೆಯ ಯಹೂದಿ ಬೀದಿ, ಹಡಗುಗಳ ಮಾದರಿಯಿದ್ದ ಮ್ಯೂಸಿಯಂ ಎಲ್ಲವನ್ನೂ ತೋರಿಸಿದಳು. ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಅವನು ನಸುಕಿನಲ್ಲೇ ಪಿಕಪ್ ಹತ್ತಿ ಊರಿಗೆ ಹೊರಟನೆಂದು ಗೋಡೌನಿನವರು ಹೇಳಿದರು.

ಸಂಜೆ ಹೊರಟ ಬಸ್ಸು ಬಾವಲಿ ಚೆಕ್‌ಪೋಸ್ಟ್ ತಲುಪಿದಾಗ ಕಾಡಿನ ಗೇಟು ಇನ್ನೂ ತೆಗೆದಿರಲಿಲ್ಲ. ಹುಡುಗಿಯರೆಲ್ಲ ಒಬ್ಬರ ಭುಜಕ್ಕೊಬ್ಬರು ಒರಗಿ ನಿದ್ದೆ. ಅವಳು ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡಳು. ಬಾಗಿಲು ಮುಚ್ಚಿದ್ದರೆ? ತೆಗೆದಿದ್ದರೂ, ಆ ಬಿಳುಪು ನಾಳೆ ಅವನ ಮುಖಕ್ಕೆ ಬಂದರೆ, ಮಾವ ಏನೆನ್ನುತ್ತಾರೆ, ಮಿರ್ಲೆ ಏನೆನ್ನುತ್ತದೆ, ನಾಳೆ ತನ್ನ ಮಗುವಿಗೆ ಬಂದರೆ? ಒಂದೊಂದನ್ನೂ ಎತ್ತಿ ನೋಡಿದಳು. ಭಯವಿತ್ತು. ಭಯವಿಲ್ಲವೆಂದು ತನಗೂ ಸುಳ್ಳು ಹೇಳಿಕೊಳ್ಳಲಿಲ್ಲ. ಆದರೆ ಆ ಎಲ್ಲ ಭಯಗಳ ಅಡಿಯಲ್ಲಿ ಬಾಗಿಲ ಗಾಜಿನಲ್ಲಿ ಸಿಕ್ಕಿಬಿದ್ದು ತಲೆ ತಗ್ಗಿಸಿದ್ದ ಮುಖವೊಂದು ಕದಲದೆ ಕೂತಿತ್ತು.

ಗೇಟು ತೆರೆಯಿತು. ಕಾಡಿನ ಮಂಜು ಸರಿಯಿತು. ಅಂತರಸಂತೆಯ ಹೊಲಗಳು ಕಂಡವು.

"ಅಣ್ಣ, ಇಲ್ಲೊಂದು ಚೂರು ನಿಲ್ಸಿ," ಎಂದಳು ಡ್ರೈವರಿಗೆ.

ಬಾಗಿಲು ತೆರೆದಿತ್ತು.

ಜಗಲಿಯ ಮೇಲೆ ಅವನಿರಲಿಲ್ಲ. ದಪ್ಪನೆಯ ಹೆಂಗಸೊಬ್ಬಳು ಸ್ಟೀಲಿನ ಲೋಟ ಹಿಡಿದು ನಿಂತಿದ್ದಳು. "ಬನ್ನಿ ಕಣವ್ವ, ನಾನು ರಾಣಿ, ಪಕ್ಕದ್ಮನೆಯೋಳು. ಹೊತ್ತು ಮೂಡೋಕ್ಮುಂಚೆ ಬಂದು ಕದ ತಟ್ಟುದ. ಮಜ್ಜಿಗೆ ಕಡ್ದವ್ನೆ, ನೀವೇ ಕೊಡಿ ಅಕ್ಕ ಅಂತ ನನ್ನ ಕೈಗಿಟ್ಟು ಒಳಗೋಗಿ ಕೂತವ್ನೆ. ತಕಳಿ."

ಪದ್ಮಶ್ರೀ ಕೈ ಚಾಚಲಿಲ್ಲ. "ರಾಣಕ್ಕ, ಬೇಜಾರು ಮಾಡ್ಕೋಬೇಡಿ. ಮನೆಯೋರು ಕೊಡ್ಲಿ."

ರಾಣಕ್ಕ ಅವಳ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಒಳಗೆ ತಿರುಗಿ ಗದರಿದಳು. "ಕೇಳುಸ್ತೇನ್ಲಾ? ಹೆಣ್ಣು ಬಾಗ್ಲಲ್ಲಿ ನಿಂತದೆ, ನೀನು ಒಳಗೆ ಮೊಟ್ಟೆ ಇಕ್ಕೋ ಕೋಳಿ ತರ ಕೂತಿದೀಯ! ಬಾ ಈಚೆಗೆ!"

ಅವನು ಬಂದ. ಕೈಯಲ್ಲಿ ಟವೆಲ್ಲಿರಲಿಲ್ಲ. ರಾಣಕ್ಕನಿಂದ ಲೋಟ ತೆಗೆದುಕೊಂಡು, ಎರಡು ಹೆಜ್ಜೆ ಮುಂದಿಟ್ಟು, ಬಲಗೈಯಲ್ಲಿ ಅವಳ ಮುಂದೆ ಹಿಡಿದ. ಈ ಸಲ ಗಾಜಿನಲ್ಲಲ್ಲ, ನೇರವಾಗಿ ನೋಡಿದ.

ಅವಳ ಬೆರಳು ಆ ಬಿಳಿ ಬೆರಳುಗಳ ಮೇಲೇ ಕೂತು ಲೋಟ ತೆಗೆದುಕೊಂಡಿತು. ಜಜ್ಜಿದ ಶುಂಠಿ, ಕರಿಬೇವು, ಸ್ವಲ್ಪ ಜಾಸ್ತಿಯೇ ಆದ ಉಪ್ಪು. ನಿಂತಲ್ಲೇ ಕುಡಿದಳು. ನಡುವೆ ಉಸಿರಿಗೂ ನಿಲ್ಲಿಸಲಿಲ್ಲ. ಬಸ್ಸಿನ ಕಿಟಕಿಗಳಲ್ಲಿ ಎದ್ದು ಕೂತ ಹುಡುಗಿಯರ ತಲೆಗಳು ಸಾಲಾಗಿದ್ದವು. ಅವಳು ತಿರುಗಿ ಎಣಿಸಲಿಲ್ಲ.

ಲೋಟ ಖಾಲಿಯಾಯಿತು. ಶಿವಶಂಕರನ ಕಣ್ಣು ತುಂಬಿತ್ತು. ಅವನು ಲೋಟ ಹಿಂದಕ್ಕೆ ತೆಗೆದುಕೊಳ್ಳಲು ಕೈ ನೀಡಿದಾಗ ಅವಳು ಬಿಟ್ಟುಕೊಡಲಿಲ್ಲ. ಮತ್ತೆ ಅವನ ಮುಂದೆ ಹಿಡಿದಳು.

"ಈಗ ಕುಡಿದಿದ್ದು ನೀವು ಕೊಟ್ಟಿದ್ದು," ಎಂದಳು. "ಇನ್ನೊಂದು ಲೋಟ ಕೊಡಿ. ಅಮ್ಮ ಕೊಟ್ಟಿದ್ದು ಹಂಗೇ ಉಳಿದದೆ."